‘ನಕ್ಷತ್ರ’ ಮತ್ತು ‘ರಾಶಿ’: ಎರಡು ಶಬ್ದಗಳ ಪೂರ್ವೋತ್ತರ

ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿಗೆ ಸೇರಿದ ಮೆಹಕರದ ಸೀಮೆಯಲ್ಲಿ ‘ಮಿರಗ ಬಂದಿತು’ ಎಂದರೆ ಒಕ್ಕಲಿಗನು ಆಕಾಶವನ್ನು ನೋಡುವುದಿಲ್ಲ, ಕೂರಿಗೆಯನ್ನು ನೋಡುವನು. ಮಿರಗವೆಂಬುದು ಮೃಗಶಿರಾ ಎಂಬುದರ ರೂಪಾಂತರವು. ಮರಾಠಿಯ ನೆರೆಯಿಂದ ಇಲ್ಲಿ ನೆಲೆಗೊಂಡುದು. ಶಾಸ್ತ್ರದಲ್ಲಿ ಅದು ಮೂರು ತಾರೆಗಳ ಗುಂಪಿನ ಹೆಸರು. ಹೊಲದಲ್ಲಿಯಾದರೋ ಜೂನ್ ತಿಂಗಳ ಮೊದಲ ವಾರ ಕಳೆಯುತ್ತಲೇ ತೊಡಗುವ ಸುಮಾರು ಹದಿನಾಲ್ಕು ದಿವಸಗಳ ಮಳೆಯ ಹೆಸರು. ಗುಂಪಿನ ಹೆಸರು ಮಳೆಗೆ ಬಂದ ಬಗೆಯು ವಿಚಾರಾರ್ಹವಾಗಿದೆ.

ಋಗ್ವೇದದಲ್ಲಿ ನಕ್ಷತ್ರವೆಂದರೆ ಬೆಳಗುವ ಜ್ಯೋತಿ. ಸೂರ್ಯನಿಗೂ ಆ ಹೆಸರು ಸಂದಿದೆ. ಅನಂತರ ಚಂದ್ರನ ಮಾರ್ಗದಲ್ಲಿರುವ ೨೭ ಸ್ಥಾನಗಳಿಗೆ ಅದು ಮೀಸಲಾಯಿತು. ಕೃತ್ತಿಕೆಯಲ್ಲಿ ಆರು ತಾರೆಗಳು, ಸ್ವಾತಿಯಲ್ಲಿ ಒಂದೇ. ಎರಡಕ್ಕೂ ನಕ್ಷತ್ರವೆಂದೇ ವ್ಯವಹಾರ. ಶಬ್ದದ ವ್ಯುತ್ಪತ್ತಿಯಲ್ಲಿ ಹಿರಿಯರಲ್ಲಿಯೇ ಒಮ್ಮತವಿಲ್ಲ. ‘ಕ್ಷತ್ರ’ ಎಂದರೆ ಬಲ, ಅದಿಲ್ಲದವು ನಕ್ಷತ್ರಗಳೆಂದು ಬ್ರಾಹ್ಮಣಗ್ರಂಥಗಳು ಹೇಳುವುವು. ಯಾಸ್ಕನು ಗತ್ಯರ್ಥಕವಾದ ನಕ್ಷ್ ಧಾತುವಿನಿಂದ ಸಾಧಿಸುವನು. ಇರುಳನ್ನು ಆಳುವುದೆಂಬ ಅರ್ಥವನ್ನು ಆಧುನಿಕರು ಕೆಲವರು ಕಲ್ಪಿಸಿರುವರು. ಇವುಗಳಲ್ಲಿ ಯಾಸ್ಕನ ಮಾತೇ ಸರಳವಾದುದು. ಮೊದಲನೆಯದು ಕಥೆಯ ಸೊಗಸಿಗಾಗಿ ಹುಟ್ಟಿದಂತೆ ತೋರುವುದು.

‘ರೋಹಿಣಿ ಬಿದ್ದಿತು, ಆರಿದ್ರೆ ಹೋಯಿತು’ ಎಂಬ ರೈತರ ಮಾತನ್ನು ಕೇಳಿ ನಗುವ ಪಂಡಿತರುಂಟು. ಅವರು ಅಷ್ಟಾಧ್ಯಾಯಿಯನ್ನು ಮರೆತಿರಬೇಕು! ನಕ್ಷತ್ರವಾಚಕಕ್ಕೆ ಪ್ರತ್ಯಯ ಸೇರಿ ಆ ನಕ್ಷತ್ರದೊಡನೆ ಕೂಡಿದ ಕಾಲವೆಂಬ ಅರ್ಥ ಬರುವುದೆಂದೂ, ಹಗಲು ಇರುಳೆಂಬ ವಿಶೇಷವನ್ನು ಹೇಳದಿದ್ದಾಗ ಪ್ರತ್ಯಯವು ಲೋಪವಾಗಿ ನಕ್ಷತ್ರದ ಹೆಸರೇ ಕಾಲದ ಹೆಸರಾಗಿ ನಿಲ್ಲುವುದೆಂದೂ ಪಾಣಿನಿಯು ನಾಲ್ಕನೆಯ ಅಧ್ಯಾಯದಲ್ಲಿ ವಿಧಿಸಿರುವನು. ಭೇದವಿಷ್ಟೆ: ಅಲ್ಲಿ ಕೂಡುವವನು ದಿನಕ್ಕೊಂದು ನಕ್ಷತ್ರವನ್ನು ದಾಟುವ ಚಂದ್ರ, ಮಳೆಯ ಲೆಕ್ಕದಲ್ಲಿ ಕೂಡುವವನು ಸೂರ್ಯ. ಗಡಿಯಾಚೆಯ ತೆಲುಗರು ಈ ಸೌರಕಾಲವನ್ನು ‘ಕಾರ್ತೆ’ ಎಂದು ಬೇರೆ ಶಬ್ದದಿಂದ ಕರೆಯುವರು. ಕನ್ನಡ ರೈತನು ‘ಮಳೆ’ ಎಂದುಬಿಟ್ಟನು. ಕಾಲವೂ ಅದರ ಫಲವೂ ಅವನಿಗೆ ಒಂದೇ.

ರಾಶಿಯ ಚರಿತ್ರೆಯು ಇದಕ್ಕೆ ವಿಲೋಮವಾದುದು. ರಾಶಿಯೆಂದರೆ ಗುಡ್ಡೆ. ಅಮರಕೋಶವು ಪುಂಜ, ರಾಶಿ, ಉತ್ಕರ, ಕೂಟಗಳನ್ನು ಒಂದೆಡೆ ಪರ್ಯಾಯಗಳಾಗಿ ಪಠಿಸುವುದು. ವೇದಾಂಗಜ್ಯೋತಿಷದಲ್ಲಿ ಮೇಷಾದಿಗಳಿಲ್ಲ, ಯವನರ ಸಂಪರ್ಕದಿಂದ ಆ ಹನ್ನೆರಡು ವಿಭಾಗಗಳು ಬಂದಾಗ ಅವುಗಳಿಗೆ ಈ ನೆಲದ ಶಬ್ದವನ್ನು ತೊಡಿಸಿದರು. ಆರನೆಯ ಶತಮಾನದ ವರಾಹಮಿಹಿರನು ಕ್ರಿಯ, ತಾವುರಿ ಮೊದಲಾದ ಯವನನಾಮಗಳನ್ನೂ ಕೊಟ್ಟಿರುವನು. ಎರಡೂಕಾಲು ನಕ್ಷತ್ರಗಳಿಗೆ ಒಂದು ರಾಶಿ. ಇಂದು ಗ್ರಂಥಗಳಲ್ಲಿ ಬಳಕೆಯಾಗುವ ‘ನಕ್ಷತ್ರಪುಂಜ’ದಲ್ಲಿಯೂ ಅದೇ ಗುಡ್ಡೆಯ ಅರ್ಥವಿದೆ. ಬೀದರದ ರೈತನಾದರೋ ಮೂಲಾರ್ಥವನ್ನು ಬಿಟ್ಟವನಲ್ಲ. ಕಣವು ಹೋಗಿ ಯಂತ್ರವು ಬಂದರೂ ತೊಗರಿಯನ್ನು ‘ರಾಶಿ ಮಾಡುವುದು’ ನಿಂತಿಲ್ಲ. ಹೀಗೆ ಒಂದು ಶಬ್ದವು ಆಕಾಶದಿಂದ ಹೊಲಕ್ಕಿಳಿಯಿತು. ಇನ್ನೊಂದು ಗುಡ್ಡೆಯಿಂದ ಆಕಾಶಕ್ಕೇರಿತು.

ಈ ಮಳೆಯ ಹೆಸರುಗಳು ಅನಾದಿಯೆಂದು ಹಲವರು ನಂಬಿರುವರು. ಹೆಸರು ಹಳೆಯದು ನಿಜ; ಅದು ಸೂಚಿಸುವ ಮಳೆಯು ಹಾಗಲ್ಲ. ಅಯನಚಲನದಿಂದ ಸೂರ್ಯನ ನಕ್ಷತ್ರಪ್ರವೇಶವು ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಋತುವಿನಲ್ಲಿ ಹಿಂದಾಗುತ್ತ ಬರುವುದು. ಮೆಹಕರದ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ೧೦೪೯ರಲ್ಲಿ, ಶ್ರೀಧರಾಚಾರ್ಯನು ಕನ್ನಡದಲ್ಲಿ ‘ಜಾತಕತಿಲಕ’ವೆಂಬ ಜ್ಯೋತಿಷಗ್ರಂಥವನ್ನು ರಚಿಸಿದನು. ಅಂದಿನಿಂದ ಇಂದಿಗೆ ಗಣಿಸಿದರೆ ಬಿದ್ದ ಅಂತರವು ಹದಿಮೂರು ದಿವಸಗಳಿಗೆ ಮೇಲೆ, ಎಂದರೆ ಸುಮಾರು ಒಂದು ಮಳೆಯಷ್ಟು. ಇಂದು ಮಿರಗವೆಂದು ಬಿತ್ತುವ ಹದವು ಅಂದು ಆರಿದ್ರೆಯ ಪಾಲಿನದು. ಅಂದಿನ ಮಿರಗವು ಇಂದಿನ ರೋಹಿಣಿಯ ಬಿಸಿಲಿನಲ್ಲಿ ಬೀಳುತ್ತಿದ್ದಿತು. ಆದುದರಿಂದ ಮಿರಗದ ಬಿತ್ತನೆಯನ್ನು ಹೊಗಳುವ ಗಾದೆಗಳು ಚಾಲುಕ್ಯರ ಕಾಲದವಾಗಿರಲಾರವು, ಅವು ಬಹಳ ಈಚಿನವು. ಇನ್ನೊಂದು ಸಾವಿರ ವರ್ಷಗಳಲ್ಲಿ ಈ ಕೂರಿಗೆಯು ರೋಹಿಣಿಯಲ್ಲಿಯೇ ಹೊರಡಬೇಕಾಗುವುದು.