ಲಿನಕ್ಸ್ ಡೆಸ್ಕ್‌ಟಾಪ್ ಪರಿಸರಗಳ ಆಯ್ಕೆ

ಡೆಸ್ಕ್‌ಟಾಪ್ ಪರಿಸರವೆಂದರೆ ಗಣಕಯಂತ್ರದ ಪರದೆಯ ಮೇಲೆ ಕಾಣುವ ಕಿಟಕಿ, ಮೆನು, ಫಲಕ, ಕಡತ ನಿರ್ವಾಹಕ ಮೊದಲಾದವನ್ನು ಒದಗಿಸುವ ತಂತ್ರಾಂಶಗಳ ಸಮೂಹ. ವಿಂಡೋಸ್‌ನಲ್ಲಿ ಇದು ಕಾರ್ಯಾಚರಣ ವ್ಯವಸ್ಥೆಯೊಡನೆ ಬೆಸೆದುಕೊಂಡಿದೆ. ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಇದು ಪ್ರತ್ಯೇಕ ಪದರವಾದುದರಿಂದ ಬಳಕೆದಾರರು ತಮಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ಪರಿಸರವನ್ನು ಬದಲಿಸಿದರೂ ಕಡತಗಳು ಹಾಗೆಯೇ ಉಳಿಯುತ್ತವೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಮುಂತಾದವು ಎಲ್ಲದರಲ್ಲಿಯೂ ನಡೆಯುತ್ತವೆ.

ಹಿನ್ನೆಲೆ

ಜರ್ಮನಿಯ ಮಥಿಯಾಸ್ ಎಟ್ರಿಚ್ 1996ರಲ್ಲಿ ಕೆಡಿಇ ಯೋಜನೆಯನ್ನು ಆರಂಭಿಸಿದರು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿಯು ಆಗ ಪೂರ್ಣವಾಗಿ ಮುಕ್ತವಾಗಿರಲಿಲ್ಲ. ಈ ಆಕ್ಷೇಪದ ಫಲವಾಗಿ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಅವರಿಂದ ಗ್ನೋಮ್ ಹುಟ್ಟಿತು. ಪರವಾನಗಿಯ ತೊಡಕು ಮುಂದೆ ಬಗೆಹರಿದರೂ ಎರಡೂ ಕವಲುಗಳು ಉಳಿದವು. 2011ರಲ್ಲಿ ಗ್ನೋಮ್ 3 ಹಳೆಯ ಮೆನು ಪದ್ಧತಿಯನ್ನು ಕೈಬಿಟ್ಟಾಗ ಅದನ್ನು ಒಪ್ಪದವರು ಮಾಟೆ ಮತ್ತು ಸಿನಮನ್‌ಗಳನ್ನು ರೂಪಿಸಿದರು. ಅದೇ ವರ್ಷ ಉಬುಂಟು ಯೂನಿಟಿಗೆ ಹೊರಳಿ, 2017ರಲ್ಲಿ ಮತ್ತೆ ಗ್ನೋಮ್‌ಗೆ ಮರಳಿತು.

ಇಂತಹ ಪಲ್ಲಟಗಳು ಶಾಲೆಗಳಿಗೆ ಸಣ್ಣ ಸಂಗತಿಯಲ್ಲ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗಾಗಿ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಯಿತು. ಪರದೆಯ ವಿನ್ಯಾಸ ಬದಲಾದರೆ ಚಿತ್ರಸಹಿತ ಕೈಪಿಡಿಗಳು ನಿರುಪಯುಕ್ತವಾಗುತ್ತವೆ. ಆದುದರಿಂದ ಪ್ರಯೋಗಾಲಯದ ಎಲ್ಲ ಯಂತ್ರಗಳಲ್ಲಿ ಒಂದೇ ಪರಿಸರವಿರುವುದೂ, ಅದು ನಿಧಾನವಾಗಿ ಬದಲಾಗುವಂಥದಾಗಿರುವುದೂ ಲೇಸು. ಈ ದೃಷ್ಟಿಯಿಂದ ಮಾಟೆ ಮತ್ತು ಎಕ್ಸ್‌ಎಫ್‌ಸಿಇ ಹೆಚ್ಚು ಅನುಕೂಲಕರ.

ಕನ್ನಡದ ಬಳಕೆ

ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಮೂಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಗ್ನೋಮ್ ಮತ್ತು ಕೆಡಿಇ ಎರಡೂ ಬಳಸುವುದರಿಂದ ಓದುವಿಕೆಯಲ್ಲಿ ಭೇದವಿಲ್ಲ. ಭೇದವಿರುವುದು ಬೆರಳಚ್ಚಿನಲ್ಲಿ. ಗ್ನೋಮ್‌ನಲ್ಲಿ ಐಬಸ್ ಎಂಬ ಲಿಪಿ ಊಡಿಕೆಯ ಸಾಧನವು ಅಡಕವಾಗಿಯೇ ಬರುತ್ತದೆ. ಉಳಿದವುಗಳಲ್ಲಿ ಸಾಮಾನ್ಯವಾಗಿ ಅದನ್ನು ಬಳಕೆದಾರರೇ ಹೊಂದಿಸಿಕೊಳ್ಳಬೇಕು. ಐಬಸ್‌ಗೆ ಎಂ17ಎನ್ ಪೊಟ್ಟಣವನ್ನು ಸೇರಿಸಿದರೆ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ರೂಢವಾಗಿರುವ ಕೀಲಿಮಣೆ ವಿನ್ಯಾಸವು ದೊರೆಯುತ್ತದೆ. ನುಡಿಗೆ ಒಗ್ಗಿದ ಕೈ ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ.

ಯಂತ್ರದ ಸಾಮರ್ಥ್ಯ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ರ ಅಗತ್ಯಗಳನ್ನು ಪೂರೈಸದ ಹಳೆಯ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿ. 2 ಜಿಬಿ ಸ್ಮೃತಿಯುಳ್ಳವುಗಳಿಗೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ ಒಪ್ಪುತ್ತದೆ; ಗ್ನೋಮ್‌ಗೆ 4 ಜಿಬಿಗಿಂತ ಕಡಿಮೆಯಿದ್ದರೆ ತೊಡಕು. ಆದರೆ ಹಗುರವಾದ ಪರಿಸರದಿಂದ ಎಲ್ಲವೂ ಚುರುಕಾಗುವುದೆಂದು ಭಾವಿಸಲಾಗದು: ಇಂದಿನ ಜಾಲತಾಣಗಳನ್ನು ತೆರೆದ ಬ್ರೌಸರ್ ಒಂದೇ ಹಲವು ವೇಳೆ ಪರಿಸರಕ್ಕಿಂತ ಹೆಚ್ಚು ಸ್ಮೃತಿಯನ್ನು ಬಳಸುತ್ತದೆ.

ಅನುಸ್ಥಾಪನೆಗೆ ಮೊದಲು ಪೆನ್‌ಡ್ರೈವ್‌ನಿಂದಲೇ ಪರಿಸರವನ್ನು ಚಾಲನೆಗೊಳಿಸಿ ಪರೀಕ್ಷಿಸಬಹುದು. ಒಂದೇ ಯಂತ್ರದಲ್ಲಿ ಎರಡನ್ನು ಅಳವಡಿಸಿಕೊಂಡು ಪ್ರವೇಶ ಪರದೆಯಲ್ಲಿ ಆರಿಸುವುದೂ ಸಾಧ್ಯ. ಆಗ ಎರಡು ಕಡತ ನಿರ್ವಾಹಕಗಳು, ಎರಡು ಪಠ್ಯ ಸಂಪಾದಕಗಳು ಮೆನುವಿನಲ್ಲಿ ಕಾಣಿಸಿಕೊಂಡು ಹೊಸಬರಿಗೆ ಗೊಂದಲವುಂಟುಮಾಡುತ್ತವೆ.