ಸಂತೆಗಿಳಿದ ಹೆಸರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ನಮಗೆ ನೆನಪಾಗುವುದು ರೇಷ್ಮೆ. ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಬೇರೂರಿಸಿದ ಈ ಕಸಬು ಇಂದಿಗೂ ಇಲ್ಲಿನ ಅನೇಕ ಒಕ್ಕಲು ಮನೆಗಳಿಗೆ ಆಧಾರವಾಗಿದೆ. ಕಳಪೆ ಸರಕು ಒಳ್ಳೆಯ ಸರಕಿನ ಹೆಸರನ್ನೂ ಕೆಡಿಸುವುದೆಂಬುದನ್ನು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆ ರೇಷ್ಮೆಯ ಎಳೆಯೊಂದರಿಂದ ಕೆಟ್ಟುಹೋದ ಒಂದು ಹೆಸರು ಇಂಗ್ಲೆಂಡಿನ ಚರಿತ್ರೆಯಲ್ಲಿ ಉಂಟು. ಅದು ವರ್ತಕನ ಹೆಸರಲ್ಲ. ರಾಣಿಯಾಗಿದ್ದು ಸಂನ್ಯಾಸಿನಿಯಾದ ಒಬ್ಬ ಸಾಧ್ವಿಯ ಹೆಸರು.

ಏಳನೆಯ ಶತಮಾನದಲ್ಲಿ ಪೂರ್ವ ಆಂಗ್ಲರ ದೊರೆಯಾಗಿದ್ದವನು ಅನ್ನ. (ಆ ಕಾಲದಲ್ಲಿ ಅದು ಗಂಡಸಿನ ಹೆಸರು.) ಅವನ ಮಗಳು ಎಥೆಲ್‌ಥ್ರಿಥ್. ಎಥೆಲ್ ಎಂದರೆ ಕುಲೀನತೆ, ಥ್ರಿಥ್ ಎಂದರೆ ಬಲ. ಎರಡು ಸಲ ವಿವಾಹವಾದರೂ ಆಕೆ ಬ್ರಹ್ಮಚರ್ಯವನ್ನು ಬಿಡಲಿಲ್ಲ. ಎರಡನೆಯ ಪತಿ ನಾರ್ಥಂಬ್ರಿಯದ ದೊರೆ ಎಗ್‌ಫ್ರಿತ್. ಅವನ ಅರಮನೆಯನ್ನು ತೊರೆದುಬಂದು 673ರಲ್ಲಿ ಈಲಿ ಎಂಬಲ್ಲಿ, ಜೌಗು ನೆಲದ ನಡುವಣ ದಿಬ್ಬದ ಮೇಲೆ, ಮಠವೊಂದನ್ನು ಕಟ್ಟಿಸಿದಳು. 679ರಲ್ಲಿ ಕುತ್ತಿಗೆಯ ಮೇಲೆದ್ದ ಗೆಡ್ಡೆಯಿಂದ ತೀರಿಕೊಂಡಳು. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಪಂಡಿತನು ಈ ವೃತ್ತಾಂತವನ್ನು ಆದರದಿಂದ ಬರೆದಿದ್ದಾನೆ. ಎಳೆಯ ವಯಸ್ಸಿನಲ್ಲಿ ಕಂಠಹಾರಗಳ ವ್ಯರ್ಥಭಾರವನ್ನು ಹೊತ್ತ ಕುತ್ತಿಗೆಗೆ ಈ ವ್ಯಾಧಿ ತಕ್ಕುದೇ ಆಯಿತೆಂದು ಆಕೆ ಸಮಾಧಾನ ತಾಳಿದಳಂತೆ. ಕಥೆಯ ಕೀಲು ಇರುವುದು ಇಲ್ಲಿಯೇ.

ಲ್ಯಾಟಿನ್ ಬರೆಯುವವರು ಆಕೆಯನ್ನು ಎಥೆಲ್‌ಡ್ರೆಡಾ ಎಂದರು; ಜನರ ನಾಲಗೆಯಲ್ಲಿ ಅದು ಸವೆದು ಆಡ್ರಿ ಆಯಿತು. ಪ್ರತಿ ವರ್ಷ ಅಕ್ಟೋಬರ್ 17ರ ಆಕೆಯ ಹಬ್ಬದ ಸುಮಾರಿಗೆ ಈಲಿಯಲ್ಲಿ ಜಾತ್ರೆ ಕೂಡುತ್ತಿದ್ದಿತು. ದೇವರ ದರ್ಶನವಾದ ಮೇಲೆ ನಮ್ಮ ಹೆಂಗಸರು ಬಳೆ, ಟೇಪುಗಳ ಅಂಗಡಿಗೆ ತಿರುಗುವುದಿಲ್ಲವೇ? ಅಲ್ಲಿಯೂ ಹಾಗೆಯೇ. ಕುತ್ತಿಗೆಗೆ ಕಟ್ಟಿಕೊಳ್ಳುವ ರೇಷ್ಮೆಯ ಪಟ್ಟಿಗಳು ಆ ಜಾತ್ರೆಯಲ್ಲಿ ಪ್ರಸಿದ್ಧವಾದುವು. ಅವಕ್ಕೆ ಸೇಂಟ್ ಆಡ್ರಿಯ ಲೇಸು ಎಂದು ಹೆಸರು. ಕಂಠಾಭರಣವನ್ನು ಪಾಪವೆಂದವಳ ಹೆಸರಿನಲ್ಲಿಯೇ ಕಂಠಾಭರಣದ ವ್ಯಾಪಾರ! ಬೇಗ ಬೇಗ ಉಚ್ಚರಿಸುವಲ್ಲಿ ಸೇಂಟ್ ಎಂಬುದರ ಕೊನೆಯ ಟಕಾರವು ಮುಂದಿನ ಸ್ವರವನ್ನು ಕೂಡಿಕೊಂಡು ‘ಟಾಡ್ರಿ’ ಎಂದಾಯಿತು. ಸಂಧಿಕಾರ್ಯವನ್ನು ಬಲ್ಲ ಕನ್ನಡಿಗರಿಗೆ ಇದು ಸೋಜಿಗವಲ್ಲ.

ಮೊದಮೊದಲು ಈ ಮಾತಿಗೆ ಕೀಳರ್ಥವಿರಲಿಲ್ಲ. ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಕುರಿಕಾಯುವ ಹುಡುಗಿಯೊಬ್ಬಳು ತನಗೆ ಮಾತುಕೊಟ್ಟಿದ್ದ ಟಾಡ್ರಿ ಲೇಸನ್ನು ಆಸೆಯಿಂದಲೇ ಕೇಳುತ್ತಾಳೆ. ಆದರೆ ಹದಿನೇಳನೆಯ ಶತಮಾನ ಮುಗಿಯುವ ವೇಳೆಗೆ ಟಾಡ್ರಿ ಎಂದರೆ ಥಳುಕು ಹೆಚ್ಚು, ಬೆಲೆ ಕಡಿಮೆ ಎಂದು ಅರ್ಥವಾಗಿಬಿಟ್ಟಿತ್ತು. ಸರಕು ಕಳಪೆಯಾಯಿತು ಎಂದು ಸಾಮಾನ್ಯವಾಗಿ ಕಾರಣ ಹೇಳುವುದುಂಟು. ನನಗೆ ಅಷ್ಟೇ ಸಾಲದೆಂದು ತೋರುತ್ತದೆ. ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಈಲಿಯ ಮಠವನ್ನು ಮುಚ್ಚಿಸಿದರು. ಆಕೆಯ ಸಮಾಧಿಮಂಟಪವೂ ನಾಶವಾಯಿತು. ಯಾತ್ರಿಕರು ನಿಂತರು; ಹೆಸರಿನ ಹಿಂದಣ ಮಹಿಮೆಯನ್ನು ನೆನಪಿಸುವವರಿಲ್ಲವಾಯಿತು. ಉಳಿದುದು ಅಂಗಡಿಯ ಲೇಸು ಮಾತ್ರ. ಹೆಸರನ್ನು ಕಾಯುತ್ತಿದ್ದ ಪೂಜೆ ನಿಂತ ಮೇಲೆ ಅದು ಸರಕಿನ ಪಾಲಾದುದರಲ್ಲಿ ಆಶ್ಚರ್ಯವೇನು?

ನಮ್ಮಲ್ಲಿಯೂ ಇಂಥದು ನಡೆದಿದೆ. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಕಂಡುಹಿಡಿದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬುದು ದೊರೆಯ ಬಿರುದು. 1915ರಲ್ಲಿ ದೊರೆತ ಮಸ್ಕಿಯ ಶಾಸನವು ಆ ದೊರೆ ಅಶೋಕನೇ ಎಂದು ತಿಳಿಸಿತು. ಅದೇ ಮಾತಿಗೆ ಮುಂದಿನ ಸಂಸ್ಕೃತ ವೈಯಾಕರಣರು ಮೂರ್ಖ ಎಂದು ಅರ್ಥ ಹೇಳಿದರು. ಚಕ್ರವರ್ತಿಯ ಬಿರುದಿಗೂ ರಕ್ಷಣೆಯಿಲ್ಲ.

ಮರಳಿ ರಾಮನಗರಕ್ಕೆ ಬರೋಣ. 1799ರ ಬಳಿಕ ಮೈಸೂರಿಗೆ ರೆಸಿಡೆಂಟಾಗಿ ಬಂದ ಬ್ಯಾರಿ ಕ್ಲೋಸ್ ಸಾಹೇಬನ ಹೆಸರಿನಿಂದ ಈ ಊರು ಬಹುಕಾಲ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರಿನ ಹೆಸರು ಬದಲಾಯಿತು. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ರಾಮನಗರ ಜಿಲ್ಲೆಯನ್ನು ರಚಿಸಿದರು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಆದರೆ ಭೂವಿಜ್ಞಾನಿಗಳು ಇಲ್ಲಿನ ಬೆಟ್ಟಗಳ, ಸುಮಾರು 250 ಕೋಟಿ ವರ್ಷ ಹಳೆಯದಾದ ಕಲ್ಲನ್ನು ಇನ್ನೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಎರಡು ಮೂರು ವರ್ಷ ಮಾತ್ರ ರೆಸಿಡೆಂಟಾಗಿದ್ದವನ ಹೆಸರಿಗೆ ಬಂಡೆ ದೊರೆಯಿತು. ಮಠ ಕಟ್ಟಿದವಳ ಹೆಸರಿಗೆ ಲೇಸು.

ಆದರೂ ಆಡ್ರಿ ಎಂಬ ಹೆಸರು ಸಾಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಮತ್ತೆ ಹೆಣ್ಣುಮಕ್ಕಳಿಗೆ ಪ್ರಿಯವಾಯಿತು. ನಟಿ ಆಡ್ರಿ ಹೆಪ್‌ಬರ್ನಳಿಂದ ಲೋಕಕ್ಕೆಲ್ಲ ಪರಿಚಿತವೂ ಆಯಿತು. ಟಾಡ್ರಿ ಎಂಬ ಮಾತಿಗೂ ಆ ಹೆಸರಿಗೂ ಇರುವ ನಂಟು ಇಂಗ್ಲಿಷರಲ್ಲಿಯೇ ಹಲವರಿಗೆ ತಿಳಿಯದು. ಈಲಿಯ ಕೆಥೆಡ್ರಲಿನಲ್ಲಿ ಆಕೆಯ ಸಮಾಧಿಮಂಟಪವಿದ್ದ ಜಾಗದಲ್ಲಿ ಇಂದು ಒಂದು ಹಾಸುಗಲ್ಲು ಇದೆ. ಅದರ ಮೇಲೆ ಕೆತ್ತಿರುವುದು ಎಥೆಲ್‌ಡ್ರೆಡಾ ಎಂದು, ಆಡ್ರಿ ಎಂದಲ್ಲ.