ಅಮೆರಿಕದ ಎಲ್‌ಎಲ್‌ಸಿ: ತೆರಿಗೆಯ ಚರಿತ್ರೆ

ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಅಮೆರಿಕ ಸಂಯುಕ್ತ ಸಂಸ್ಥಾನದ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಬಳಕೆಯಲ್ಲಿರುವ ಕಾನೂನು ರೂಪ. ವ್ಯಾಪಾರ ಮುಳುಗಿದರೆ ಹಾಕಿದ ಬಂಡವಾಳ ಹೋಗುತ್ತದೆ. ಸಾಲ ಕೊಟ್ಟವರು ಸಾಮಾನ್ಯವಾಗಿ ಸದಸ್ಯರ ಮನೆ, ಒಡವೆಗೆ ಕೈ ಹಾಕುವಂತಿಲ್ಲ. ಇದನ್ನು ಹುಟ್ಟಿಸಿದ್ದು ರಾಜ್ಯಗಳ ಶಾಸನ. ಒಕ್ಕೂಟ ಸರ್ಕಾರದ ಆದಾಯ ತೆರಿಗೆಯಲ್ಲಿ ಮಾತ್ರ ಎಲ್‌ಎಲ್‌ಸಿ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಹೆತ್ತವರು ಒಬ್ಬರು, ಕುಲ ಗೊತ್ತುಮಾಡುವವರು ಇನ್ನೊಬ್ಬರು. ಸಣ್ಣ ಎಲ್‌ಎಲ್‌ಸಿಯ ಮಾಲೀಕರು ಪ್ರತಿವರ್ಷ ಎದುರಿಸುವ ಗೊಂದಲದ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

1909ರಲ್ಲಿ ಅಮೆರಿಕ ಕಾರ್ಪೊರೇಷನ್‌ಗಳ ಲಾಭದ ಮೇಲೆ ಶೇಕಡಾ 1ರ ತೆರಿಗೆ ಹಾಕಿತು. 1913ರ ಸಂವಿಧಾನದ 16ನೇ ತಿದ್ದುಪಡಿಯ ನಂತರ ವ್ಯಕ್ತಿಗಳ ಆದಾಯಕ್ಕೂ ತೆರಿಗೆ ಬಂತು. ಕಾರ್ಪೊರೇಷನ್ ತನ್ನ ಲಾಭಕ್ಕೆ ಒಮ್ಮೆ ಕಟ್ಟಿದರೆ, ಅದರಿಂದ ಲಾಭಾಂಶ ಪಡೆದವರು ಮತ್ತೊಮ್ಮೆ ಕಟ್ಟುವ ಪದ್ಧತಿ ನೆಲೆಯೂರಿತು. ಪಾಲುದಾರಿಕೆಗೆ ಈ ಇಬ್ಬಗೆ ಇರಲಿಲ್ಲ, ಆದರೆ ಅಲ್ಲಿ ಯಾರಾದರೊಬ್ಬರು ಸಾಲಕ್ಕೆ ಸ್ವಂತ ತಲೆ ಕೊಡಬೇಕಿತ್ತು. 1958ರಲ್ಲಿ ಬಂದ ‘ಎಸ್ ಕಾರ್ಪೊರೇಷನ್’ ಎರಡರ ಅನುಕೂಲವನ್ನೂ ಸೇರಿಸಲು ನೋಡಿತಾದರೂ ಷೇರುದಾರರು 10 ಮಂದಿಯನ್ನು ಮೀರಬಾರದು, ಅನಿವಾಸಿ ವಿದೇಶಿಯರು ಇರಬಾರದು ಎಂಬ ಕಟ್ಟುಗಳಿದ್ದವು. ಮಿತಿ ಈಗ 100ಕ್ಕೆ ಏರಿದೆ; ಎರಡನೆಯ ಕಟ್ಟು ಸಡಿಲಗೊಂಡಿಲ್ಲ.

ಮುಂದಿನ ತಿರುವಿಗೆ ಕಾರಣರಾದವರು ಮೊಂಟಾನಾದ ವೈದ್ಯರು. ಪಿಂಚಣಿ ಯೋಜನೆಯ ತೆರಿಗೆ ಸವಲತ್ತಿಗಾಗಿ ತಮ್ಮ ಸಂಘವನ್ನು ಕಾರ್ಪೊರೇಷನ್ ಎಂದು ಪರಿಗಣಿಸಬೇಕೆಂದು ಕೇಳಿ, 1954ರ ಕಿಂಟ್ನರ್ ಮೊಕದ್ದಮೆಯಲ್ಲಿ ಅವರು ಗೆದ್ದರು. ಇಂಥ ದಾರಿ ಮುಚ್ಚಲು ತೆರಿಗೆ ಇಲಾಖೆ 1960ರಲ್ಲಿ ತಂದ ನಿಯಮಗಳು ನಾಲ್ಕು ಲಕ್ಷಣಗಳನ್ನು ಎಣಿಸಿದವು: ಸದಸ್ಯ ಸತ್ತರೂ ಸಂಸ್ಥೆ ಉಳಿಯುವುದು, ಆಡಳಿತ ಕೆಲವರ ಕೈಯಲ್ಲಿರುವುದು, ಸೀಮಿತ ಹೊಣೆ, ಪಾಲನ್ನು ಸಲೀಸಾಗಿ ಮಾರಬಹುದಾದ ಸ್ವಾತಂತ್ರ್ಯ. ಎರಡಕ್ಕಿಂತ ಹೆಚ್ಚು ಲಕ್ಷಣಗಳಿದ್ದರೆ ಕಾರ್ಪೊರೇಷನ್, ಇಲ್ಲವಾದರೆ ಪಾಲುದಾರಿಕೆ. ವೈದ್ಯರನ್ನು ತಡೆಯಲು ತಕ್ಕಡಿಯನ್ನು ಪಾಲುದಾರಿಕೆಯ ಕಡೆಗೆ ವಾಲಿಸಿದ ಇಲಾಖೆಗೆ, ಆ ವಾಲಿಕೆಯನ್ನೇ ಬೇರೆಯವರು ಬಳಸಿಕೊಂಡಾರು ಎಂಬುದು ಹೊಳೆದಂತಿಲ್ಲ.

ಬಳಸಿಕೊಂಡದ್ದು ಹ್ಯಾಮಿಲ್ಟನ್ ಬ್ರದರ್ಸ್ ಎಂಬ ತೈಲ ಕಂಪನಿ. ವಿದೇಶಗಳಲ್ಲಿ ತೈಲ ಹುಡುಕಲು ಅದು ಪನಾಮಾದ ‘ಲಿಮಿಟಾಡಾ’ ರೂಪವನ್ನು ಉಪಯೋಗಿಸುತ್ತಿತ್ತು. ಅಂಥದ್ದೇ ಸ್ವದೇಶದಲ್ಲೂ ಇರಲೆಂದು ಮಸೂದೆ ಸಿದ್ಧಪಡಿಸಿಕೊಂಡು ಮೊದಲು ಅಲಾಸ್ಕಕ್ಕೆ ಹೋಯಿತು; ಅಲ್ಲಿ ಕೆಲಸ ಆಗಲಿಲ್ಲ. 1977ರ ಮಾರ್ಚ್‌ನಲ್ಲಿ ವಯೋಮಿಂಗ್ ಒಪ್ಪಿತು. ಸೀಮಿತ ಹೊಣೆ ಕೊಟ್ಟು, ಉಳಿದ ಲಕ್ಷಣಗಳನ್ನು ಬೇಕೆಂದೇ ಕುಂಠಿತಗೊಳಿಸಿ ಹೆಣೆದ ಶಾಸನವದು. ಇಂದು ಕ್ಷೌರದಂಗಡಿಯಿಂದ ಕೇಕ್ ಅಂಗಡಿಯವರೆಗೆ ಎಲ್ಲರೂ ತೊಡುವ ಈ ಅಂಗಿಯನ್ನು ಒಂದೇ ತೈಲ ಕಂಪನಿಯ ಅಳತೆಗೆ ಹೊಲಿಯಲಾಗಿತ್ತು.

ರಾಜ್ಯ ಕೊಟ್ಟಿದ್ದನ್ನು ಒಕ್ಕೂಟ ಒಪ್ಪುತ್ತದೆಯೇ ಎಂಬುದು ವರ್ಷಗಟ್ಟಲೆ ತೂಗಾಡಿತು. 1980ರ ನವೆಂಬರ್‌ನಲ್ಲಿ ಇಲಾಖೆ ಹ್ಯಾಮಿಲ್ಟನ್ ಕಂಪನಿಗೆ ಖಾಸಗಿಯಾಗಿ ‘ನಿಮ್ಮದು ಪಾಲುದಾರಿಕೆ’ ಎಂದು ಬರೆದುಕೊಟ್ಟಿತು. ಅದೇ ತಿಂಗಳು, ಯಾವ ಸದಸ್ಯನಿಗೂ ಸ್ವಂತ ಹೊಣೆ ಇಲ್ಲದ ಸಂಸ್ಥೆ ಪಾಲುದಾರಿಕೆ ಆಗಲಾರದೆಂಬ ಕರಡು ನಿಯಮವನ್ನೂ ಪ್ರಕಟಿಸಿತು. ಕರಡನ್ನು ಆಮೇಲೆ ಹಿಂತೆಗೆದುಕೊಂಡರೂ ಅನುಮಾನ ಹೋಗಲಿಲ್ಲ. 1982ರಲ್ಲಿ ಫ್ಲಾರಿಡಾ ಹಿಂಬಾಲಿಸಿತು, ಆದರೆ ತನ್ನ ಕಾರ್ಪೊರೇಷನ್ ತೆರಿಗೆಯನ್ನು ಎಲ್‌ಎಲ್‌ಸಿಗೂ ಹಾಕಿತು. 1988ರಲ್ಲಿ ಇಲಾಖೆಯ 88-76 ಸಂಖ್ಯೆಯ ತೀರ್ಮಾನ ವಯೋಮಿಂಗ್ ಎಲ್‌ಎಲ್‌ಸಿಯನ್ನು ಪಾಲುದಾರಿಕೆಯೆಂದು ಬಹಿರಂಗವಾಗಿ ಮಾನ್ಯ ಮಾಡುವವರೆಗೆ ಈ ಎರಡೇ ರಾಜ್ಯಗಳಲ್ಲಿ ಇಂಥ ಕಾನೂನು ಇತ್ತು. ಆಮೇಲೆ ಕಟ್ಟೆ ಒಡೆಯಿತು. 1986ರ ತೆರಿಗೆ ಸುಧಾರಣೆಯಿಂದ ವ್ಯಕ್ತಿಗಳ ಗರಿಷ್ಠ ದರ ಶೇಕಡಾ 28ಕ್ಕೆ ಇಳಿದು, ಕಾರ್ಪೊರೇಷನ್ನಿನದು 34ರಲ್ಲಿ ನಿಂತದ್ದೂ ಕಾರ್ಪೊರೇಷನ್ ಬೇಡವೆನ್ನಲು ಹೊಸ ಕಾರಣ ಒದಗಿಸಿತ್ತು. 1996ರಲ್ಲಿ ಹವಾಯಿ ಸೇರಿದಾಗ 50 ರಾಜ್ಯಗಳೂ ಮುಗಿದವು.

ಲಕ್ಷಣ ಎಣಿಸುವ ಆಟದಿಂದ ಸುಸ್ತಾದ ಇಲಾಖೆ 1997ರ ಜನವರಿ 1ರಿಂದ ಆಯ್ಕೆಯನ್ನು ಮಾಲೀಕರಿಗೇ ಬಿಟ್ಟಿತು. ಅರ್ಜಿಯ ಚೌಕದಲ್ಲಿ ಗುರುತು ಹಾಕಿದರೆ ಆಯಿತು. ಏನೂ ಹಾಕದಿದ್ದರೆ, ಒಬ್ಬನೇ ಸದಸ್ಯನಿರುವ ಎಲ್‌ಎಲ್‌ಸಿ ಆದಾಯ ತೆರಿಗೆಯ ಕಣ್ಣಿಗೆ ಇಲ್ಲವೇ ಇಲ್ಲ. ಲಾಭನಷ್ಟ ಮಾಲೀಕನ ಸ್ವಂತ ರಿಟರ್ನ್ಸ್‌ನ ಶೆಡ್ಯೂಲ್ ಸಿ ಪುಟಕ್ಕೆ ಹೋಗುತ್ತದೆ. ಇಬ್ಬರು ಅಥವಾ ಹೆಚ್ಚು ಸದಸ್ಯರಿದ್ದರೆ ಅದು ಪಾಲುದಾರಿಕೆ: 1065 ನಮೂನೆ ಸಲ್ಲಿಸಿ, ಪ್ರತಿಯೊಬ್ಬರಿಗೂ ಅವರ ಪಾಲು ತೋರಿಸುವ ಕೆ-1 ಕೊಡಬೇಕು. ಇಲ್ಲಿ ಹೊಸಬರು ಎಡವುವ ಕಲ್ಲೊಂದಿದೆ. ಹಣ ಕಂಪನಿಯ ಖಾತೆಯಲ್ಲೇ ಉಳಿದಿದ್ದರೂ, ಕೈಗೆ ಒಂದು ಡಾಲರ್ ಬರದಿದ್ದರೂ ಲಾಭದ ಪಾಲಿಗೆ ಸದಸ್ಯ ತೆರಿಗೆ ಕಟ್ಟಲೇಬೇಕು.

ಆದಾಯ ತೆರಿಗೆಗಿಂತ ಸಣ್ಣವರನ್ನು ಹೆಚ್ಚು ಕಾಡುವುದು ಸ್ವಯಂ ಉದ್ಯೋಗ ತೆರಿಗೆ. ಸಂಬಳದವರಿಗೆ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ವಂತಿಗೆಯ ಅರ್ಧವನ್ನು ಧಣಿ ಕಟ್ಟುತ್ತಾನೆ. ತಾನೇ ಧಣಿಯಾದವನು ಎರಡನ್ನೂ ಕಟ್ಟಬೇಕು. 1951ರಲ್ಲಿ ಶುರುವಾದ ಇದರ ದರ 1990ರಿಂದ ಶೇಕಡಾ 15.3. ನಿವ್ವಳ ಲಾಭ 80,000 ಡಾಲರ್ ಇದ್ದರೆ ಅದರ ಶೇಕಡಾ 92.35ರ ಮೇಲೆ ಲೆಕ್ಕ ಹಾಕಿದಾಗ ಸುಮಾರು 11,304 ಡಾಲರ್ ಆಗುತ್ತದೆ, ಆದಾಯ ತೆರಿಗೆ ಬೇರೆ. ಹಲವರು ಎಲ್‌ಎಲ್‌ಸಿಯನ್ನೇ ಇಟ್ಟುಕೊಂಡು ತೆರಿಗೆಗೆ ಮಾತ್ರ ಎಸ್ ಕಾರ್ಪೊರೇಷನ್ ಎಂದು ಘೋಷಿಸಿಕೊಳ್ಳುವುದು ಇದಕ್ಕೇ: ತಮಗೆ ತಾವೇ ನ್ಯಾಯವಾದ ಸಂಬಳ ಕೊಟ್ಟುಕೊಂಡರೆ ಮಿಕ್ಕ ಲಾಭಕ್ಕೆ ಈ ತೆರಿಗೆ ತಗಲದು. ‘ನ್ಯಾಯವಾದ’ ಎಷ್ಟು ಎಂಬುದು ಜಗಳದ ವಿಷಯ. ಇನ್ನೊಂದು ಜಗಳ ಹಳೆಯದು. ಹಾಕಿದ ಬಂಡವಾಳದಷ್ಟೇ ಹೊಣೆ ಹೊರುವ ‘ಸೀಮಿತ ಪಾಲುದಾರ’ರ ಲಾಭಕ್ಕೆ ಈ ತೆರಿಗೆಯಿಂದ ವಿನಾಯಿತಿ ಕೊಟ್ಟ ಶಾಸನ ಬಂದದ್ದು ವಯೋಮಿಂಗ್ ಕಾನೂನು ಹುಟ್ಟಿದ 1977ರಲ್ಲೇ. ಸಹಜವಾಗಿ ಅದರಲ್ಲಿ ಎಲ್‌ಎಲ್‌ಸಿ ಸದಸ್ಯರ ಮಾತಿಲ್ಲ. ಅವರು ಯಾವ ಸಾಲಿಗೆ ಸೇರುತ್ತಾರೆಂದು ಹೇಳಲು ಇಲಾಖೆ 1997ರಲ್ಲಿ ಕರಡು ತಂದಾಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದಕ್ಕೆ ತಡೆ ಹಾಕಿತು. ತಡೆಯ ಅವಧಿ 1998ರಲ್ಲಿ ಮುಗಿದರೂ ಆ ಕರಡು ಅಂತಿಮ ರೂಪ ಪಡೆಯಲಿಲ್ಲ.

2017ರ ತೆರಿಗೆ ಕಾನೂನು ಕಾರ್ಪೊರೇಷನ್ ದರವನ್ನು ಶೇಕಡಾ 35ರಿಂದ 21ಕ್ಕೆ ಇಳಿಸಿದಾಗ, ಉಳಿದವರ ಸಮಾಧಾನಕ್ಕೆ ಅರ್ಹ ವ್ಯಾಪಾರ ಆದಾಯದಲ್ಲಿ ಶೇಕಡಾ 20ರವರೆಗೆ ಕಳೆಯುವ ಅವಕಾಶ ಕೊಟ್ಟಿತು. 2025ರಲ್ಲಿ ಅದನ್ನು ಕಾಯಂ ಮಾಡಲಾಯಿತು.

ಒಕ್ಕೂಟದ ತೆರಿಗೆ ಎಲ್‌ಎಲ್‌ಸಿಯ ಇರವನ್ನೇ ಮರೆಯುತ್ತದೆ. ಹಲವು ರಾಜ್ಯಗಳು ಇರುವುದಕ್ಕೇ ಬಾಡಿಗೆ ಕೇಳುತ್ತವೆ. 1994ರಲ್ಲಿ ಎಲ್‌ಎಲ್‌ಸಿಗೆ ಬಾಗಿಲು ತೆರೆದ ಕ್ಯಾಲಿಫೋರ್ನಿಯಾದಲ್ಲಿ ಲಾಭವಿರಲಿ, ನಷ್ಟವಿರಲಿ ವರ್ಷಕ್ಕೆ 800 ಡಾಲರ್ ಕಡ್ಡಾಯ. ವಹಿವಾಟು 2,50,000 ಡಾಲರ್ ಮುಟ್ಟಿದರೆ 900ರಿಂದ 11,790 ಡಾಲರ್‌ವರೆಗೆ ಮೇಲುಶುಲ್ಕ. ಅದೂ ಲಾಭದ ಮೇಲಲ್ಲ, ಒಟ್ಟು ವಸೂಲಿಯ ಮೇಲೆ. ಮೊದಮೊದಲು ರಾಜ್ಯದ ಹೊರಗಿನ ವ್ಯಾಪಾರವನ್ನೂ ಇದಕ್ಕೆ ಸೇರಿಸಲಾಗುತ್ತಿತ್ತು. 2007ರಲ್ಲಿ ಶಾಸನವನ್ನು ತಿದ್ದಲಾಯಿತು. ಹಳೆಯ ಕ್ರಮ ಸಂವಿಧಾನಬಾಹಿರವೆಂದು 2008ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯಗಳು ಹೇಳಿದವು. ಡೆಲವೇರ್ ವರ್ಷಕ್ಕೆ 300 ಡಾಲರ್ ಪಡೆದು ಸುಮ್ಮನಿರುತ್ತದೆ. ಟೆಕ್ಸಾಸ್‌ನಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆಯೇ ಇಲ್ಲ, ಆದರೆ ಎಲ್‌ಎಲ್‌ಸಿಗೆ ಫ್ರಾಂಚೈಸ್ ತೆರಿಗೆ ಇದೆ, 2024ರಲ್ಲಿ 24.7 ಲಕ್ಷ ಡಾಲರ್ ಒಳಗಿನ ವಹಿವಾಟಿಗೆ ಕಟ್ಟುವುದೇನಿರಲಿಲ್ಲ. ವಾಷಿಂಗ್ಟನ್ ರಾಜ್ಯ ಒಟ್ಟು ವಸೂಲಿಗೇ ತೆರಿಗೆ ಹಾಕುತ್ತದೆ. ಆದಾಯ ತೆರಿಗೆ ಇಲ್ಲದ ವಯೋಮಿಂಗ್‌ನಲ್ಲಿ ನೋಂದಾಯಿಸಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲಸ ಮಾಡುವವರು ಉಳಿಸುವುದು ಏನೂ ಇಲ್ಲ: ಕೆಲಸ ನಡೆಯುವ ರಾಜ್ಯ ತನ್ನ 800 ಡಾಲರ್ ಬಿಡುವುದಿಲ್ಲ, ಎರಡು ಕಡೆ ನೋಂದಣಿಯ ಖರ್ಚು ಮಾತ್ರ ಹೆಚ್ಚು.

ರಾಜ್ಯ ತೆರಿಗೆಗೆ ಒಕ್ಕೂಟ ಕೊಡುತ್ತಿದ್ದ ಕಡಿತಕ್ಕೆ 2017ರಲ್ಲಿ 10,000 ಡಾಲರ್‌ನ ಮಿತಿ ಬಿದ್ದಾಗ ರಾಜ್ಯಗಳು ಉಪಾಯ ಹೂಡಿದವು. 2018ರಲ್ಲಿ ಕನೆಕ್ಟಿಕಟ್ ಸದಸ್ಯರ ಬದಲು ಸಂಸ್ಥೆಯಿಂದಲೇ ತೆರಿಗೆ ವಸೂಲಿ ಮಾಡಿತು. ಸಂಸ್ಥೆಯ ಖರ್ಚಿಗೆ ಮಿತಿ ಅನ್ವಯಿಸದು. 2020ರ ನವೆಂಬರ್‌ನಲ್ಲಿ ಇಲಾಖೆ ಇದಕ್ಕೆ ಸಮ್ಮತಿಸಿತು, ಬಹುಪಾಲು ರಾಜ್ಯಗಳು ಅದೇ ದಾರಿ ಹಿಡಿದವು.

ಬೆಂಗಳೂರಿನಲ್ಲಿ ಕುಳಿತು ಡೆಲವೇರ್ ಅಥವಾ ವಯೋಮಿಂಗ್ ಎಲ್‌ಎಲ್‌ಸಿ ತೆರೆದು ಅಮೆರಿಕದ ಗಿರಾಕಿಗಳಿಗೆ ತಂತ್ರಾಂಶ ಮಾರುವವರಿಗೂ ಈ ಚರಿತ್ರೆ ತಗಲುತ್ತದೆ. ಭಾರತದ ನಿವಾಸಿಯಾಗಿರುವ ಅವರ ಜಗತ್ತಿನ ಎಲ್ಲ ಆದಾಯವೂ ಇಲ್ಲಿನ ರಿಟರ್ನ್ಸ್‌ನಲ್ಲಿ ಬರಬೇಕು. ಹೆಸರಿನಲ್ಲಿ ಹತ್ತಿರವಾದರೂ 2008ರ ಭಾರತೀಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಬೇರೆಯದೇ ಜಾತಿ. ಪಾಲುದಾರಿಕೆ ಸಂಸ್ಥೆಯಂತೆ ಅದು ತಾನೇ ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುತ್ತದೆ. ಅಮೆರಿಕದ ಕಣ್ಣಿಗೆ ಅನಿವಾಸಿ ವಿದೇಶಿಯರಾದ್ದರಿಂದ ಬೆಂಗಳೂರಿನ ಈ ಮಾಲೀಕರಿಗೆ ಎಸ್ ಕಾರ್ಪೊರೇಷನ್ನಿನ ದಾರಿ ಮುಚ್ಚಿದೆ. ವಿದೇಶಿ ಮಾಲೀಕನೊಬ್ಬನೇ ಇರುವ ಎಲ್‌ಎಲ್‌ಸಿ ಅವನೊಂದಿಗೆ ನಡೆಸಿದ ಕೊಡು-ಕೊಳ್ಳುವಿಕೆಯನ್ನು 2017ರಿಂದ 5472 ನಮೂನೆಯಲ್ಲಿ ತಿಳಿಸಬೇಕು. ತಪ್ಪಿದರೆ ದಂಡ 25,000 ಡಾಲರ್. ಆದಾಯ ತೆರಿಗೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲದ ಆ ಕಂಪನಿ ಈ ನಮೂನೆಯನ್ನು ಕಾರ್ಪೊರೇಷನ್‌ಗಳಿಗೆಂದೇ ಇರುವ 1120ರ ಮುಖಪುಟಕ್ಕೆ ಲಗತ್ತಿಸಿ ಕಳಿಸಬೇಕು.